ಫೋಸ್ಕೊ ಸಾಕಿದ ಚಿಗಟ

ನವೆಂಬರಿನ ಆ ಬೆಳಿಗ್ಗೆ ಬ್ರೀನಾ ಬೀಚ್ ಮರಗಳ ನಡುವೆ ಒಂದು ಹಕ್ಕಿಯ ಮುಂದೆ ಮುಕ್ಕಾಲು ಗಂಟೆ ಕಲ್ಲಿನಂತೆ ನಿಂತಿತ್ತು. ಫೋಸ್ಕೊ ತನ್ನ ಆ ನಾಯಿಯನ್ನು ಹುಡುಕುತ್ತ ಅದೇ ಇಳಿಜಾರನ್ನು ಎರಡು ಸಲ ಹತ್ತಿದ, ಎರಡು ಸಲ ಇಳಿದ. ಸೀಟಿ ಊದಿದ. ನಾಯಿಯನ್ನೂ ನಾಯಿಯ ತಾಯಿಯನ್ನೂ ಬೈದ. ಒಮ್ಮೆಯಂತೂ ಅದರಿಂದ ಮೂವತ್ತು ಹೆಜ್ಜೆ ದೂರದಲ್ಲೇ ಹಾದುಹೋದ. ಬಿಳಿ ಮೈಯ ಮೇಲೆ ಬೂದು ಚುಕ್ಕೆಯ ಸೆಟ್ಟರ್ ನಾಯಿ ಅದು. ಬೀಚ್ ಮರದ ಕಾಂಡವೂ ಅದೇ ಬಣ್ಣ. ನಿಂತುಬಿಟ್ಟರೆ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೆಂದೇ ಕೊರಳಿಗೆ ಗಂಟೆ ಕಟ್ಟುವುದು. ನಾಯಿ ಓಡುತ್ತಿರುವಷ್ಟು ಹೊತ್ತು ಗಂಟೆ ಆಡುತ್ತಿರುತ್ತದೆ. ಎಲೆಗಳಡಿ ಅಡಗುವ ಬೆಕ್ಕಾಚಾ ಹಕ್ಕಿಯ ವಾಸನೆ ಸಿಕ್ಕಿ ನಾಯಿ ನಿಂತರೆ ಗಂಟೆಯೂ ನಿಲ್ಲುತ್ತದೆ. ಗಂಟೆ ಎಲ್ಲಿ ನಿಂತಿತೋ ಆ ಕಡೆಗೆ ಬೇಟೆಗಾರ ಕೋವಿ ಹಿಡಿದು ನಡೆಯುತ್ತಾನೆ.

ಫೋಸ್ಕೊಗೆ ಆ ಬೆಳಿಗ್ಗೆ ಗಂಟೆ ನಿಂತದ್ದು ಗೊತ್ತಾಗಲಿಲ್ಲ. ಅದು ಆಡಿದ್ದೂ ಗೊತ್ತಾಗಿರಲಿಲ್ಲ.

ನಾಯಿಯನ್ನು ಕಂಡದ್ದು ಅತ್ತಿಲಿಯೊ. ಫೋಸ್ಕೊನ ಹೆಂಡತಿ ದೆರ್ನಾಳ ಅಣ್ಣ ಅವನು. ಪೆತ್ರೋನೆ ಊರಿನ ಬೇಟೆಗಾರರ ಸಂಘಕ್ಕೆ ಹದಿನಾಲ್ಕು ವರ್ಷದಿಂದ ಅಧ್ಯಕ್ಷ. ಸುತ್ತಲಿನ ನಾಲ್ಕು ಕಣಿವೆಗಳಲ್ಲಿ ಒಳ್ಳೆಯ ಸೆಟ್ಟರ್ ಮರಿ ಬೇಕೆಂದರೆ ಅವನ ಮನೆಗೇ ಬರಬೇಕು. ಬ್ರೀನಾ ಕೂಡ ಅವನ ಮನೆಯಲ್ಲಿ ಹುಟ್ಟಿದ್ದು. ಎದುರು ಇಳಿಜಾರಿನಿಂದ ದಾಟಿ ಬಂದವನು ಟೋಪಿ ಬೀಸಿ ಫೋಸ್ಕೊನನ್ನು ಕರೆದ. ಅವನು ಹತ್ತಿರ ಬರುವಷ್ಟರಲ್ಲಿ ಹಕ್ಕಿ ತಾನಾಗಿಯೇ ಎದ್ದು ಮರಗಳ ಸಂದಿಯಲ್ಲಿ ಹೋಗಿಬಿಟ್ಟಿತು. ಬ್ರೀನಾ ಆಗಲೂ ಕದಲಲಿಲ್ಲ. ಅದರ ಹಿಂಗಾಲು ನಡುಗುತ್ತಿತ್ತು.

"ಯಾವಾಗಿಂದ ನಿಂತಿದೆ ಇದು?" ಅತ್ತಿಲಿಯೊ ಕೇಳಿದ.

"ಈಗ ತಾನೆ."

"ಬೆನ್ನ ಮೇಲೆ ಇಬ್ಬನಿ ಗಟ್ಟಿಯಾಗಿದೆ, ಈಗ ತಾನೆ ಅಂತೀಯಲ್ಲ." ಅತ್ತಿಲಿಯೊ ನಾಯಿಯ ಬೆನ್ನನ್ನು ಅಂಗೈಯಿಂದ ಉಜ್ಜಿದ. "ಭಾವ, ನಿನಗೆ ಗಂಟೆ ಕೇಳಿಸ್ತಾ ಇಲ್ಲ."

"ಕೇಳಿಸ್ತು. ನಾನೇ ಬಿಟ್ಟೆ. ನಾಯಿಗೆ ತಾಳ್ಮೆ ಕಲಿಸ್ತಿದ್ದೆ."

ಏಳು ವರ್ಷದ ನಾಯಿಗೆ ತಾಳ್ಮೆ ಕಲಿಸುವವರು ಯಾರೂ ಇಲ್ಲ. ಎಷ್ಟು ಕೆಟ್ಟ ಸುಳ್ಳೆಂದರೆ, ಯಾವುದಕ್ಕೂ ನಗುವ ಅತ್ತಿಲಿಯೊ ಅದಕ್ಕೆ ನಗಲಿಲ್ಲ. ಅವನು ನಗದೇ ಹೋದದ್ದು ಫೋಸ್ಕೊನ ಎದೆಗೆ ನಾಟಿತು.

ಫೋಸ್ಕೊ ಬೆರ್ತೊಲಾನಿಗೆ ಆಗ ಐವತ್ತೆಂಟು. ಇಪ್ಪತ್ತನೆಯ ವಯಸ್ಸಿನಿಂದ ಐವತ್ತೈದರವರೆಗೆ ಅಮೃತಶಿಲೆಯ ಗಣಿಯಲ್ಲಿ ಸಿಡಿಮದ್ದು ಇಡುವ ಕೆಲಸ ಮಾಡಿದವನು. ಬೆಟ್ಟಕ್ಕೆ ತೂತು ಕೊರೆದು, ಮದ್ದು ತುಂಬಿ, ತುತ್ತೂರಿ ಊದಿ, ಎಲ್ಲರೂ ಓಡಿ ಅಡಗಿದ ಮೇಲೆ ಕೊನೆಗೆ ಓಡುವವನು. ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು ಅನ್ನುವುದು ಆ ಕಾಲದಲ್ಲಿ ಹೆಂಗಸರ ಮಾತು. ಮೊದಲು ಹೋದದ್ದು ಜೀರುಂಡೆ. ಬೇಸಿಗೆಯಲ್ಲಿ ಅವು ಕೂಗುವುದನ್ನು ಬಿಟ್ಟಿವೆ ಎಂದು ಅವನು ಎರಡು ವರ್ಷ ನಂಬಿದ್ದ. ಆಮೇಲೆ ಹಕ್ಕಿಗಳು ಹೋದವು. ಆಮೇಲೆ ದೆರ್ನಾಳ ದನಿ ಎಲ್ಲೋ ಗೋಡೆಯಾಚೆಯಿಂದ ಬಂದಂತೆ ಸಣ್ಣಗಾಯಿತು. ಅವನು ಬೇಕೆಂದೇ ಕೇಳಿಸಿಕೊಳ್ಳುತ್ತಿಲ್ಲ ಎಂದು ಅವಳು ತಿಳಿದಿದ್ದಳು. ಹಾಗೆ ತಿಳಿಯಲಿ ಎಂದು ಅವನೂ ಬಿಟ್ಟಿದ್ದ. ಗಂಡಸರ ದಪ್ಪ ದನಿ ಮಾತ್ರ, ಎದುರಿಗೆ ಇದ್ದರೆ, ಚೆನ್ನಾಗಿಯೇ ಕೇಳುತ್ತಿತ್ತು. ಹಾಗಾಗಿ ಬಾರಿನಲ್ಲಿ ಇಸ್ಪೀಟು ಆಡುವಾಗ ಯಾರಿಗೂ ಅನುಮಾನ ಬರಲಿಲ್ಲ.

ಆ ಬೀಚ್ ಕಾಡಿನ ಬೆಳಗಾದ ಮೇಲೆ ದೆರ್ನಾ ಅವನನ್ನು ಬಸ್ಸು ಹತ್ತಿಸಿ ಲುಕ್ಕಾ ಪಟ್ಟಣದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಅವನನ್ನು ಒಂದು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಸದ್ದುಗಳನ್ನು ಕೇಳಿಸಿ ಕಾಗದದ ಮೇಲೆ ಗೆರೆ ಎಳೆದರು. ಗೆರೆ ಅರ್ಧದವರೆಗೆ ನೆಟ್ಟಗೆ ಬಂದು ಅಲ್ಲಿಂದ ಗಣಿಯ ಅಂಚಿನಂತೆ ಕಡಿದು ಬಿದ್ದಿತ್ತು.

"ದಪ್ಪ ಸದ್ದು ಕೇಳುತ್ತೆ, ಸಣ್ಣದು ಕೇಳಲ್ಲ," ಡಾಕ್ಟರು ಹೇಳಿದರು. "ಹಕ್ಕಿ, ಗಂಟೆ, ಹೆಂಡತಿ. ಈ ಮೂರು ಕಷ್ಟ."

"ಮೂರನೇದು ಇವರಿಗೆ ಮೊದಲಿಂದಲೂ ಕಷ್ಟ ಡಾಕ್ಟರೇ," ಎಂದಳು ದೆರ್ನಾ.

ಕಿವಿಗೆ ಸಿಕ್ಕಿಸುವ ಯಂತ್ರವೂ ಬಂತು. ಮನೆಯಲ್ಲಿ ಪರವಾಗಿಲ್ಲ ಅನ್ನಿಸಿತು. ಕಾಡಿಗೆ ಹಾಕಿಕೊಂಡು ಹೋದರೆ ತನ್ನದೇ ಬೂಟಿನಡಿಯ ಒಣಗಿದೆಲೆ ಕಲ್ಲು ಪುಡಿಮಾಡುವ ಗಿರಣಿಯಂತೆ ಕೇಳುತ್ತದೆ. ಗಾಳಿ ಬೀಸಿದರೆ ತಲೆಯೊಳಗೇ ಬೀಸುತ್ತದೆ. ಗಂಟೆ ಎಲ್ಲೋ ಇದೆ, ಆದರೆ ಎಡಕ್ಕೋ ಬಲಕ್ಕೋ, ಮೇಲೋ ಕೆಳಗೋ ತಿಳಿಯದು. ಎರಡನೆಯ ದಿನವೇ ಅದನ್ನು ತೆಗೆದು ಜೇಬಿಗೆ ಹಾಕಿದ. ಮುಂದಿನ ವಾರ ಕುರುಬರವನ ಹತ್ತಿರ ಕುರಿಯ ಕೊರಳ ಗಂಟೆ ಕೇಳಿ ತಂದು ಬ್ರೀನಾಳಿಗೆ ಕಟ್ಟಿದ. ಡೊಂಯ್ ಡೊಂಯ್ ಎನ್ನುವ ಆ ದಪ್ಪ ಸದ್ದು ಅವನಿಗೆ ಚೆನ್ನಾಗಿ ಕೇಳಿತು. ಇಡೀ ಕಾಡಿಗೂ ಕೇಳಿತು. ಗಂಟೆಯ ಭಾರಕ್ಕೆ ಕತ್ತು ಬಗ್ಗಿಸಿಕೊಂಡು ಬ್ರೀನಾ ಅವನನ್ನು ನೋಡಿದ ನೋಟವನ್ನು ಅವನು ಬಹಳ ದಿನ ಮರೆಯಲಿಲ್ಲ.

"ಹಾಲು ಎಷ್ಟು ಕೊಡುತ್ತೆ ಭಾವ?" ಎಂದು ಅತ್ತಿಲಿಯೊ ಬಾರಿನ ಬಾಗಿಲಲ್ಲೇ ಕೇಳಿದ. ಈ ಸಲ ಅವನು ನಕ್ಕ, ಉಳಿದವರೂ ನಕ್ಕರು.

ಇನ್ನೊಂದು ದಾರಿಯನ್ನು ಅತ್ತಿಲಿಯೊನೇ ಹೇಳಿದ: ಇಬ್ಬರೂ ಜೊತೆಗೆ ಹೋಗುವುದು, ಅವನ ಕಿವಿ, ಇವನ ಕೋವಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು ಅದು. ಮೂರು ವಾರ ಹಾಗೆಯೇ ಹೋದರು. ಗಂಟೆ ನಿಂತ ಕೂಡಲೇ ಅತ್ತಿಲಿಯೊ ಫೋಸ್ಕೊನ ಹೆಗಲು ತಟ್ಟುತ್ತಿದ್ದ, ಬೆರಳು ತೋರಿಸುತ್ತಿದ್ದ, ತೋಳು ಹಿಡಿದು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸುತ್ತಿದ್ದ. ಡಿಸೆಂಬರಿನ ಮೊದಲ ಭಾನುವಾರ ಹಾಗೆ ನಿಲ್ಲಿಸಿದ ಜಾಗದಲ್ಲಿ ಹಕ್ಕಿ ನೇರ ಅವನ ಮುಂದೆಯೇ ಎದ್ದಿತು; ಫೋಸ್ಕೊ ಹೊಡೆದ; ಬಿತ್ತು. ಅಂದು ಜೊತೆಗೆ ಬಂದಿದ್ದ ಸಂಘದ ಇನ್ನಿಬ್ಬರು ಚಪ್ಪಾಳೆ ತಟ್ಟಿದರು.

ನಲವತ್ತು ವರ್ಷ ಬೆಕ್ಕಾಚಾ ಹೊಡೆದವನಿಗೆ ಚಪ್ಪಾಳೆ. ಫೋಸ್ಕೊ ಹಕ್ಕಿಯನ್ನು ಎತ್ತಿ ಅತ್ತಿಲಿಯೊನ ಚೀಲಕ್ಕೆ ಹಾಕಿದ. "ಇದು ನಿಂದು. ನೀನು ಹೊಡೆಸಿದ್ದು," ಎಂದ. ಕೋವಿಯ ನಳಿಗೆ ಮಡಚಿ ತೋಟಾ ತೆಗೆದು ಮನೆಯ ದಾರಿ ಹಿಡಿದ.

ಆ ಸಂಜೆ ಬಾರಿನಲ್ಲಿ ಅವನಿಗಾಗಿ ಊರೆಲ್ಲ ಯೋಚನೆ ಮಾಡಿತು. ಬೇಟೆ ಬಿಡು, ಅಣಬೆ ಹೆಕ್ಕು, ಅಣಬೆಗೆ ಕಿವಿ ಬೇಕಿಲ್ಲ ಎಂದ ಒಬ್ಬ. ಬ್ರೀನಾಳನ್ನು ಅತ್ತಿಲಿಯೊಗೆ ಕೊಟ್ಟು ಗೌರವದಿಂದ ನಿವೃತ್ತನಾಗು ಎಂದ ಇನ್ನೊಬ್ಬ. ಫೋಸ್ಕೊ ಎಲ್ಲರ ತುಟಿಗಳನ್ನು ನೋಡುತ್ತಿದ್ದ. ಆಮೇಲೆ ಗ್ಲಾಸು ಕೆಳಗಿಟ್ಟು ಹೇಳಿದ:

"ನಾನು ಎಬ್ಬಿಸೋ ನಾಯಿ ತರ್ತೀನಿ."

ಪೆತ್ರೋನೆಯಲ್ಲಿ ನಾಯಿಯೆಂದರೆ ನಿಲ್ಲುವ ನಾಯಿ. ಹಕ್ಕಿಯನ್ನು ಮೂಗಿನಿಂದ ಹಿಡಿದು ನಿಲ್ಲಿಸಿ, ಯಜಮಾನ ಬರುವವರೆಗೆ ಉಸಿರು ಬಿಗಿಹಿಡಿಯುವ ನಾಯಿ. ಹಕ್ಕಿಯ ಮೇಲೆ ಬಿದ್ದು ಅದನ್ನು ಹಾರಿಸಿಬಿಡುವ ಜಾತಿಯೂ ಇದೆ, ಕೆಳಗಿನ ಬಯಲಿನ ಜೋಳದ ಹೊಲಗಳಲ್ಲಿ ಓಡುವ ಫೆಸೆಂಟ್ ಕೋಳಿಗಳನ್ನು ಎಬ್ಬಿಸುವುದಕ್ಕೆ. ಬೆಕ್ಕಾಚಾಕ್ಕೆ ಅಂಥದ್ದನ್ನು ತರುವುದೆಂದರೆ ಇಗರ್ಜಿಗೆ ಹಗಲು ವೇಷದವನನ್ನು ಕರೆತಂದಂತೆ.

"ಪೊರಕೆ ತಗೊಂಡು ಹೋಗು. ಅದೂ ಹಕ್ಕಿ ಓಡಿಸುತ್ತೆ, ಊಟ ಕೇಳಲ್ಲ," ಅತ್ತಿಲಿಯೊ ಹೇಳಿದ.

"ಪೊರಕೆ ಹೊಡೆದ ಹಕ್ಕಿ ತಂದುಕೊಡಲ್ಲ."

"ಭಾವ, ಕೇಳು. ನಿಲ್ಲೋ ನಾಯಿ ನಿನಗೆ ಹೊತ್ತು ಕೊಡುತ್ತೆ. ನಿಧಾನಕ್ಕೆ ಹೋಗ್ತೀಯ, ಕಾಲು ಊರ್ತೀಯ, ಕೋವಿ ಎತ್ತುತ್ತೀಯ. ಎಬ್ಬಿಸೋ ನಾಯಿ ಏನು ಕೊಡುತ್ತೆ? ಏನೂ ಇಲ್ಲ. ಕಣ್ಣು ಮಿಟುಕಿಸೋದ್ರೊಳಗೆ ಹಕ್ಕಿ ಮೇಲೆ. ನಿನಗೆ ಐವತ್ತೆಂಟು."

"ನಿನ್ನ ನಾಯಿ ಹೊತ್ತು ಕೊಡೋದು ಇನ್ನೂರು ಹೆಜ್ಜೆ ಆಚೆ, ಕಣ್ಣಿಗೆ ಕಾಣದ ಕಡೆ. ಅದು ನನ್ನ ಕೈಗೆ ಸಿಗಲ್ಲ. ಎಬ್ಬಿಸೋ ನಾಯಿ ಇಪ್ಪತ್ತು ಹೆಜ್ಜೆಯೊಳಗೆ ಇರುತ್ತೆ. ಕಣ್ಣೆದುರಿಗೆ. ನನ್ನ ಕಣ್ಣಿಗೇನೂ ಆಗಿಲ್ಲ."

"ಹೋಗಲಿ, ಬ್ರೀನಾ?"

ಫೋಸ್ಕೊ ಅದಕ್ಕೆ ಉತ್ತರ ಕೊಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅವರು ಅಂದುಕೊಂಡರು. ಕೇಳಿಸಿತ್ತು.

ಮಾರನೆಯ ವಾರ ಅವನು ತನ್ನ ಮೂರು ಚಕ್ರದ ಗಾಡಿಯಲ್ಲಿ ನದಿ ಹಿಡಿದು ಬಯಲಿಗೆ ಇಳಿದ. ಅಲ್ಲಿ ಜೆಲಿಂದಾ ಎಂಬ ವಿಧವೆ ಸ್ಪ್ರಿಂಗರ್ ಎಂಬ ಎಬ್ಬಿಸುವ ನಾಯಿಗಳನ್ನು ಸಾಕಿ ಪಳಗಿಸುತ್ತಿದ್ದಳು. ಎಪ್ಪತ್ತರ ಹತ್ತಿರದ, ಗಂಡಸರ ಬೂಟು ಹಾಕಿದ, ಮಾತಿಗೆ ಮುಂಚೆ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ಅಳೆಯುವ ಹೆಂಗಸು. ಅವಳ ದನಿ ದಪ್ಪ. ಫೋಸ್ಕೊಗೆ ಅವಳ ಪ್ರತಿ ಮಾತೂ ಕೇಳಿತು. ಒಬ್ಬ ಹೆಂಗಸಿನ ಮಾತು ಹಾಗೆ ಕೇಳಿ ವರ್ಷಗಳಾಗಿದ್ದವು.

"ಇದುವರೆಗೆ ಏನು ಸಾಕಿದ್ದೆ?"

"ಸೆಟ್ಟರ್."

"ಹಾಗಾದ್ರೆ ನಿನಗೆ ನಾಯಿ ಕೊಡಲ್ಲ. ಸೆಟ್ಟರ್‌ನವರು ಬರ್ತಾರೆ, ಒಂದು ತಿಂಗಳಿಗೆ ವಾಪಸ್ ತರ್ತಾರೆ, ನಾಯಿ ಹಕ್ಕಿ ಓಡಿಸುತ್ತೆ ಅಂತ ದೂರು. ಓಡಿಸೋದೇ ಅದರ ಕೆಲಸ."

"ನಾನು ಕಿವುಡ," ಎಂದ ಫೋಸ್ಕೊ. ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಗುರುತಿಲ್ಲದವಳ ಮುಂದೆ ಸುಲಭವಾಗಿ ಬಂತು. "ಗಂಟೆ ಕೇಳಲ್ಲ. ಕಣ್ಣಿಗೆ ಕಾಣೋ ನಾಯಿ ಬೇಕು."

ಜೆಲಿಂದಾ ಅವನನ್ನು ಇನ್ನೊಮ್ಮೆ ಅಳೆದಳು. ಆಮೇಲೆ ಗೂಡಿನಿಂದ ಕಂದು ಬಿಳಿ ಬಣ್ಣದ, ಜೋಲುಕಿವಿಯ ಎರಡು ವರ್ಷದ ಗಂಡುನಾಯಿಯೊಂದನ್ನು ಬಿಟ್ಟಳು. ನದಿಯಂಚಿನ ಮುಳ್ಳುಗಂಟಿಗಳತ್ತ ಮೂವರೂ ನಡೆದರು. ನಾಯಿ ಎಡಕ್ಕೆ ಹದಿನೈದು ಹೆಜ್ಜೆ ಹೋಗಿ ಬಲಕ್ಕೆ ತಿರುಗಿ, ಬಟ್ಟೆಯಿಂದ ಒರೆಸಿದಂತೆ ನೆಲವನ್ನು ಒರೆಸುತ್ತ ಸಾಗಿತು. ಅದರ ಮೊಂಡು ಬಾಲ ಒಂದೇ ಸಮನೆ ಆಡುತ್ತಿತ್ತು.

"ಬಾಲ ನೋಡು, ನಾಯಿನ ನೋಡಬೇಡ," ಎಂದಳು ಜೆಲಿಂದಾ. "ಈಗ ಸುಮ್ಮನೆ ಆಡ್ತಿದೆ. ಅದು ಹುಚ್ಚೆದ್ದು ಆಡಿದಾಗ ಹಕ್ಕಿ ಹತ್ತಿರ ಇದೆ ಅಂತ. ಆಗ ನಿಲ್ಲಬೇಡ, ನಾಯಿ ಜೊತೆ ಹೋಗು. ಅದು ತಲೆ ತಗ್ಗಿಸಿ ನುಗ್ಗಿದಾಗ ಕೋವಿ ಭುಜಕ್ಕೆ ಬಂದಿರಬೇಕು. ಹಕ್ಕಿ ಎದ್ದಮೇಲೆ ಕೋವಿ ಎತ್ತೋನು ಸೆಟ್ಟರ್‌ನೋನು."

ಅಷ್ಟರಲ್ಲಿ ಬಾಲ ಕಣ್ಣಿಗೆ ಕಾಣದಷ್ಟು ಜೋರಾಗಿ ನಡುಗಿತು. ನಾಯಿ ಗಂಟಿಗೆ ನುಗ್ಗಿತು. ಒಂದು ಫೆಸೆಂಟ್ ಹುಂಜ ಎದ್ದು ಹಾರಿತು. ನಾಯಿ ಅದರ ಹಿಂದೆ ಓಡಲಿಲ್ಲ. ಇದ್ದಲ್ಲೇ ಕುಂಡಿ ಊರಿ ಕೂತು, ಹಾರುವ ಹಕ್ಕಿಯನ್ನು ನೋಡುತ್ತ, ಮುಂದೇನು ಎಂಬಂತೆ ಜೆಲಿಂದಾಳತ್ತ ತಿರುಗಿತು.

ಫೋಸ್ಕೊಗೆ ನಗು ಬಂತು. ಗಂಟೆ ಹೋದಂದಿನಿಂದ ಅವನು ನಕ್ಕಿರಲಿಲ್ಲ.

ಊರಿಗೆ ತಂದ ದಿನ ಅತ್ತಿಲಿಯೊ ಬೇಲಿಯಾಚೆ ನಿಂತು ಆ ಗಿಡ್ಡ ನಾಯಿಯನ್ನು ನೋಡಿ, "ಇದು ನಾಯಿಯಲ್ಲ, ಪುಲ್ಚೆ," ಎಂದ. ಪುಲ್ಚೆ ಎಂದರೆ ಅವರ ಮಾತಿನಲ್ಲಿ ಚಿಗಟ. ಜೆಲಿಂದಾ ಇಟ್ಟ ಹೆಸರು ಬೇರೆಯೇ ಇತ್ತು. ಫೋಸ್ಕೊ ಆ ಕ್ಷಣವೇ ನಾಯಿಯ ಕಡೆ ತಿರುಗಿ, "ಪುಲ್ಚೆ, ಬಾ," ಎಂದ. ಅಂದಿನಿಂದ ಅದೇ ಹೆಸರಾಯಿತು.

ಬ್ರೀನಾಳನ್ನು ಅವನು ತಾನೇ ಅತ್ತಿಲಿಯೊನ ಮನೆಗೆ ನಡೆಸಿಕೊಂಡು ಹೋದ. ಬಹಳ ಹೇಳಲಿಲ್ಲ. "ಇವಳಿಗೆ ಕಾಡು ಬೇಕು. ನನ್ನ ಜೊತೆ ಸಿಗಲ್ಲ," ಎಂದಷ್ಟೇ ಅಂದು ಹಗ್ಗ ಕೈಗಿತ್ತ. ಅತ್ತಿಲಿಯೊ ಏನೋ ಕೊಡಲು ಒಳಗೆ ಹೋದಾಗ ಇವನು ಹೊರಟುಬಿಟ್ಟಿದ್ದ. ಮಾರನೆಯ ಬೆಳಿಗ್ಗೆ ಕಿಟಕಿಯಿಂದ ಕಂಡ: ಅತ್ತಿಲಿಯೊ ಕೋವಿ ಹೆಗಲಿಗೇರಿಸಿ ಕಾಡಿನ ದಾರಿ ಹಿಡಿದಿದ್ದಾನೆ, ಬ್ರೀನಾ ಅವನ ಮುಂದೆ ಕುಣಿದುಕೊಂಡು ಹೋಗುತ್ತಿದೆ. ಒಮ್ಮೆಯೂ ಈ ಮನೆಯತ್ತ ತಿರುಗಲಿಲ್ಲ. ದೆರ್ನಾ ಅವನ ಪಕ್ಕ ಬಂದು ನಿಂತು, ಅವನಿಗೆ ಕಾಣುವಂತೆ ಮುಖ ತಿರುಗಿಸಿ, "ಅವಳಿಗೆ ಕಾಡು ಬೇಕು ಅಂತ ನೀವೇ ಹೇಳಿದ್ದು," ಎಂದಳು.

"ಹೇಳಿದೆ," ಎಂದ ಅವನು. "ಅಷ್ಟು ಬೇಗ ಒಪ್ಪಿಕೋಬೇಕಿರಲಿಲ್ಲ."

ಆ ಚಳಿಗಾಲದ ಉಳಿದ ದಿನಗಳೆಲ್ಲ ಅವಮಾನದಲ್ಲಿ ಹೋದವು. ಪುಲ್ಚೆಯ ತಪ್ಪೇನೂ ಇರಲಿಲ್ಲ. ಅದು ಹಕ್ಕಿ ಹುಡುಕಿತು, ಎಬ್ಬಿಸಿತು, ಕೂತಿತು. ಫೋಸ್ಕೊನ ಮೈಯೇ ಕೇಳುತ್ತಿರಲಿಲ್ಲ. ನಲವತ್ತು ವರ್ಷ ನಿಂತ ನಾಯಿಯ ಕಡೆ ಸಾವಕಾಶವಾಗಿ ನಡೆದು ಅಭ್ಯಾಸವಾದ ಕಾಲು. ಹಕ್ಕಿ ಎದ್ದ ಮೇಲೆ ಏಳುವ ಕೈ. ಕೋವಿ ಭುಜಕ್ಕೆ ಬರುವಷ್ಟರಲ್ಲಿ ಬೆಕ್ಕಾಚಾ ಎರಡು ಮರ ಸುತ್ತಿ ಮಾಯವಾಗಿರುತ್ತಿತ್ತು. ಸಾಲಾಗಿ ಹನ್ನೊಂದು ಹಕ್ಕಿ ತಪ್ಪಿಸಿದ. ಹನ್ನೊಂದನೆಯದು ತಪ್ಪಿದಾಗ ಪುಲ್ಚೆ ಕೂತಲ್ಲಿಂದ ತಿರುಗಿ ಅವನನ್ನು ನೋಡಿ, ಒಂದು ಸಲ ಆಕಳಿಸಿತು.

ಬಾರಿಗೆ ಹೋದ ಕೂಡಲೇ ಯಾರಾದರೊಬ್ಬ ಕುರ್ಚಿಯಿಂದೆದ್ದು ಕಾಲಿಂದ ನೆಲ ತಟ್ಟಿ "ಹುಶ್, ಹುಶ್" ಎನ್ನುತ್ತಿದ್ದ. ಫೋಸ್ಕೊ ತನ್ನ ಜಾಗದಲ್ಲಿ ಕೂತು ಇಸ್ಪೀಟಿನ ಎಲೆ ಹಂಚಲು ಹೇಳುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ಹೋಗದಿದ್ದರೆ ಅವರು ಗೆದ್ದಂತೆ ಎಂದು ದೆರ್ನಾಳಿಗೆ ಹೇಳಿದ.

ಬೇಸಿಗೆಯಿಡೀ ಅವನು ಮನೆಯ ಹಿಂದಿನ ಪಾಳುಬಿದ್ದ ಚೆಸ್ಟ್‌ನಟ್ ತೋಟದ ಮೆಟ್ಟಿಲು ಮೆಟ್ಟಿಲಾದ ಗದ್ದೆಗಳಲ್ಲಿ, ಖಾಲಿ ಕೋವಿ ಹಿಡಿದು, ಪುಲ್ಚೆಯ ಹಿಂದೆ ನಡೆದ. ಬಾಲ ನೋಡುವುದನ್ನು ಕಲಿತ. ಬಾಲ ಒಂದೇ ಮಾತು ಆಡುವುದಿಲ್ಲ ಎಂದು ಗೊತ್ತಾಯಿತು: ಮೊಲಕ್ಕೆ ಬೇರೆ, ಹಳೆಯ ವಾಸನೆಗೆ ಬೇರೆ, ಕೋಳಿಗೆ ಬೇರೆ. ಕಾಲನ್ನು ಎಲ್ಲಿ ಊರಿದರೂ ಅಲ್ಲಿಂದಲೇ ಹೊಡೆಯುವಂತೆ ನಡೆಯುವುದನ್ನು ಕಲಿತ. ದಾರಿಹೋಕರು ನೋಡುತ್ತಿದ್ದರು. ಖಾಲಿ ಕೋವಿಯಿಂದ ಖಾಲಿ ಆಕಾಶಕ್ಕೆ ಗುರಿಯಿಡುವ ಮುದುಕನೆಂದು ನಗುತ್ತಿದ್ದರು. ಅವನಿಗೆ ಅವರ ನಗು ಕೇಳುತ್ತಿರಲಿಲ್ಲ. ಕಿವುಡುತನದ ಅನುಕೂಲಗಳನ್ನೂ ಅವನು ಕಲಿಯುತ್ತಿದ್ದ.

ಅಕ್ಟೋಬರಿನಲ್ಲಿ ಸಂಘದ ಸಭೆ ಸೇರಿತು. ಡಿಸೆಂಬರಿನ ಕೊನೆಗೆ ಸಂಘದವರೆಲ್ಲ ಸೇರಿ ಬೀಚ್ ಕಾಡಿಗೆ ಹೋಗುವ ದಿನವೊಂದಿತ್ತು. ಅಂದಿನ ಊಟ, ಅಂದಿನ ಕುಡಿತ, ಅಂದಿನ ಜಂಬ ವರ್ಷವಿಡೀ ಮಾತಿಗೆ ಸಾಕಾಗುತ್ತಿತ್ತು. ಅತ್ತಿಲಿಯೊ ಎದ್ದು ಕಾಗದ ನೋಡಿ ಓದಿದ: ಆ ದಿನಕ್ಕೆ ನಿಲ್ಲುವ ನಾಯಿಗಳಿಗೆ ಮಾತ್ರ ಪ್ರವೇಶ. ಎಬ್ಬಿಸುವ ನಾಯಿ ಒಂದಿದ್ದರೆ ಉಳಿದ ನಾಯಿಗಳು ನಿಂತ ಹಕ್ಕಿಯನ್ನೂ ಅದು ಹಾರಿಸಿಬಿಡುತ್ತದೆ. ಕಾರಣ ನ್ಯಾಯವಾದದ್ದೇ. ಆದರೆ ಊರಿನಲ್ಲಿ ಅಂಥ ನಾಯಿ ಇದ್ದದ್ದು ಒಂದೇ ಒಂದು. ಎಲ್ಲರ ಕಣ್ಣೂ ಫೋಸ್ಕೊನತ್ತ ತಿರುಗಿತು.

"ಯಾರ ಹೆಸರೂ ಹಾಕಿಲ್ಲ," ಎಂದ ಅತ್ತಿಲಿಯೊ.

"ಹಾಕು," ಫೋಸ್ಕೊ ಎದ್ದು ನಿಂತ. "ಫೋಸ್ಕೊ ಬೆರ್ತೊಲಾನಿ ಅಂತ ಬರಿ. ಕೆಳಗೆ ಕಾರಣನೂ ಬರಿ. ಅವನು ಕಿವುಡ, ಅವನಿಗೆ ಗಂಟೆ ಕೇಳಲ್ಲ, ಅದಕ್ಕೆ ಅವನು ಕೇಳಬೇಕಿಲ್ಲದ ನಾಯಿ ಇಟ್ಕೊಂಡಿದಾನೆ. ಒಂದು ವರ್ಷದಿಂದ ನನ್ನ ಬೆನ್ನ ಹಿಂದೆ ಹೇಳ್ತಿದ್ದೀರಲ್ಲ, ಕಾಗದದ ಮೇಲೆ ಇರಲಿ."

ಅತ್ತಿಲಿಯೊ ಕಾಗದ ಮಡಚಿದ.

"ಭಾವ, ಕೂತ್ಕೊ," ಅತ್ತಿಲಿಯೊ ತಗ್ಗಿದ ದನಿಯಲ್ಲಿ ಹೇಳಿದ. "ನಿನಗೆ ಬೇಡ ಅಂದಿದ್ದು ಯಾರು? ನೀನು ಬಾ. ನನ್ನ ಜೊತೆ ಬಾ. ಬ್ರೀನಾನೂ ಇರ್ತಾಳೆ. ನಾನು ಹೆಗಲು ತಟ್ತೀನಿ."

"ಗೊತ್ತು, ತಟ್ತೀಯ," ಎಂದ ಫೋಸ್ಕೊ. "ನನ್ನ ಹೆಗಲು ಇನ್ನು ಯಾರಿಗೂ ಸಿಗಲ್ಲ."

ಆ ವರ್ಷ ಕ್ರಿಸ್ಮಸ್ಸಿಗೆ ಮೂರು ದಿನ ಮೊದಲು ಉತ್ತರದ ಗಾಳಿ ಹೊರಳಿ ಬೆಟ್ಟದ ಮೇಲೆಲ್ಲ ನೆಲ ಸಿಮೆಂಟಿನಂತೆ ಗಟ್ಟಿಯಾಯಿತು. ಸಂಘದ ದಿನ ಇಗರ್ಜಿಯ ಮುಂದಿನ ಅಂಗಳದಲ್ಲಿ ಇಪ್ಪತ್ತು ಗಂಡಸರು, ಇಪ್ಪತ್ತೈದು ಸೆಟ್ಟರ್‌ಗಳು ಸೇರಿದ್ದರು. ಫೋಸ್ಕೊ ಪುಲ್ಚೆಯನ್ನು ಹಗ್ಗದಲ್ಲಿ ಹಿಡಿದು ಅವರ ನಡುವೆಯೇ ಹಾದುಬಂದ. ಬ್ರೀನಾ ಅವನ ಕೈ ಮೂಸಿತು. ಅವನು ಅದರ ತಲೆ ನೇವರಿಸಿದ.

"ಫೋಸ್ಕೊ, ನಿಯಮ ಓದಿದ್ದೀನಿ," ಅತ್ತಿಲಿಯೊ ಅಡ್ಡ ಬಂದ. ಎಲ್ಲರ ಮುಂದೆ ಇದ್ದುದರಿಂದ ಭಾವ ಎನ್ನಲಿಲ್ಲ.

"ನಿನ್ನ ಕಾಡು ನಿನಗಿರಲಿ. ನಾನು ಕೆಳಗೆ ಹೋಗ್ತಿದ್ದೀನಿ."

"ಕೆಳಗೆ ಏನಿದೆ? ಬರೀ ಮುಳ್ಳು."

"ಮುಳ್ಳಿಗೆ ನಿಯಮ ಇಲ್ಲ."

ಬೆಕ್ಕಾಚಾ ಮಣ್ಣಿಗೆ ಕೊಕ್ಕು ಇಳಿಸಿ ಹುಳು ತೆಗೆದು ತಿನ್ನುವ ಹಕ್ಕಿ. ಮೇಲೆ ನೆಲ ಗಟ್ಟಿಯಾದರೆ ಅದಕ್ಕೆ ಊಟವಿಲ್ಲ. ಎಲ್ಲಿ ನೀರು ಒಸರಿ ಮಣ್ಣು ಮೆತ್ತಗಿರುತ್ತದೋ ಅಲ್ಲಿಗೆ ಇಳಿಯುತ್ತದೆ. ಪಾಳುತೋಟದ ಕೆಳಗಿನ ಕೊರಕಲಿನಲ್ಲಿ, ಮನುಷ್ಯನೆತ್ತರದ ಮುಳ್ಳುಪೊದೆಗಳ ಬುಡದಲ್ಲಿ ಸಣ್ಣ ಊಟೆಗಳು ಹೆಪ್ಪುಗಟ್ಟದೆ ಹರಿಯುತ್ತಿದ್ದವು. ಇದು ಅತ್ತಿಲಿಯೊಗೂ ಗೊತ್ತಿದ್ದದ್ದೇ. ಆದರೆ ಆ ಮುಳ್ಳಿನೊಳಗೆ ಸೆಟ್ಟರ್ ಹೋಗುವುದಿಲ್ಲ, ಹೋದರೂ ಒಳಗೆ ನಿಂತರೆ ಅದರ ಹತ್ತಿರಕ್ಕೆ ಮನುಷ್ಯ ಹೋಗಲಾರ. ಹಕ್ಕಿಯ ಮುಂದೆ ನಾಯಿ ನಿಂತೇ ಇರುತ್ತದೆ, ಹೊರಗೆ ಯಜಮಾನ ನಿಂತೇ ಇರುತ್ತಾನೆ.

ಫೋಸ್ಕೊ ಕೊರಕಲಿನ ಅಂಚಿನ ಕಲ್ಲುಗೋಡೆಯ ಮೇಲೆ ಹೆಜ್ಜೆಯಿಡುತ್ತ, ಪುಲ್ಚೆಯನ್ನು ಒಳಗೆ ಬಿಟ್ಟ. ಪೊದೆಯ ತುದಿಗಳು ಅಲ್ಲಾಡುವುದು ಕಾಣುತ್ತಿತ್ತು. ಸಂದಿನಲ್ಲಿ ಆಗಾಗ ಕಂದು ಬೆನ್ನು, ಬಾಲ. ಬಾಲ ಸಾಧಾರಣವಾಗಿ ಆಡುತ್ತಿತ್ತು. ಮೂರನೆಯ ಪೊದೆಯ ಹತ್ತಿರ ಅದು ಹುಚ್ಚೆದ್ದಿತು. ಫೋಸ್ಕೊ ನಿಲ್ಲಲಿಲ್ಲ, ಎರಡು ಹೆಜ್ಜೆ ಮುಂದೆ ಹೋದ, ಕೋವಿಯ ಹಿಡಿ ಆಗಲೇ ಕೆನ್ನೆಗೆ ತಾಗಿತ್ತು. ಒಣ ಎಲೆಯ ಬಣ್ಣದ ಹಕ್ಕಿ ಪೊದೆಯ ನೆತ್ತಿಯಿಂದ ಬುಗ್ಗೆಯಂತೆ ಎದ್ದು ಒಂದು ಕ್ಷಣ ಬೆಳಕಿಗೆ ಬಂತು. ಅವನು ಯೋಚಿಸಲಿಲ್ಲ. ಈಡು ಹಾರಿತು, ಹಕ್ಕಿ ಮಡಚಿಕೊಂಡು ಬಿತ್ತು. ಪುಲ್ಚೆ ಎಲ್ಲಿ ಕೂತಿದೆಯೆಂದು ಕಾಣಲಿಲ್ಲ. ಕೂತಿದೆ ಎಂದು ಅವನಿಗೆ ಗೊತ್ತಿತ್ತು. "ತಾ," ಎಂದ. ಎರಡು ನಿಮಿಷದ ಮೇಲೆ ಮೂತಿಯೆಲ್ಲ ಗೀರಿ ಕಿವಿಯಿಂದ ರಕ್ತ ಒಸರುತ್ತ ಅದು ಮುಳ್ಳಿನಿಂದ ಹೊರಬಂದು, ಹಕ್ಕಿಯನ್ನು ಅವನ ಅಂಗೈಯಲ್ಲಿಟ್ಟಿತು. ಒಂದು ಗರಿ ಕೂಡ ಕೆಟ್ಟಿರಲಿಲ್ಲ.

ಮಧ್ಯಾಹ್ನದೊಳಗೆ ಒಟ್ಟು ಮೂರು ಹಕ್ಕಿ ಎದ್ದವು. ಎರಡು ಬಿದ್ದವು, ಒಂದು ತಪ್ಪಿತು. ತಪ್ಪಿದ್ದಕ್ಕೆ ಪುಲ್ಚೆ ಆಕಳಿಸಲಿಲ್ಲ, ಅಥವಾ ಆಕಳಿಸಿದ್ದು ಮುಳ್ಳಿನೊಳಗಿದ್ದುದರಿಂದ ಕಾಣಲಿಲ್ಲ.

ಮೇಲಿನಿಂದ ಇಪ್ಪತ್ತು ಗಂಡಸರು ಒಂದೇ ಒಂದು ಹಕ್ಕಿಯೊಂದಿಗೆ ಇಳಿದರು. ಸಂಘದ ಊಟ ಬಾರಿನ ಹಿಂದಿನ ಕೋಣೆಯಲ್ಲಿ. ಫೋಸ್ಕೊ ಬಾರಿನ ಮುಂಭಾಗದಲ್ಲಿ, ತನ್ನ ಎಂದಿನ ಜಾಗದಲ್ಲಿ ಕೂತು, ಎರಡು ಬೆಕ್ಕಾಚಾಗಳನ್ನು ಮೇಜಿನ ಮೇಲೆ ಇಟ್ಟುಕೊಂಡು, ಪುಲ್ಚೆಯ ಕಿವಿಗೆ ಗ್ರಾಪ್ಪಾ ಸಾರಾಯಿಯಲ್ಲಿ ಅದ್ದಿದ ಬಟ್ಟೆ ಒತ್ತುತ್ತಿದ್ದ. ಒಬ್ಬೊಬ್ಬರಾಗಿ ಅವನ ಪಕ್ಕದಿಂದ ಒಳಗೆ ಹೋದರು. ಯಾರೂ ನೆಲ ತಟ್ಟಲಿಲ್ಲ. ಕೊನೆಯಲ್ಲಿ ಬಂದ ಅತ್ತಿಲಿಯೊ ನಿಂತು ಹಕ್ಕಿಗಳನ್ನು ನೋಡಿದ.

"ಚಳಿ ಕೆಳಗೆ ತಳ್ಳಿತು. ಅದೃಷ್ಟ," ಎಂದ.

"ಇರಬಹುದು," ಎಂದ ಫೋಸ್ಕೊ. "ನಿನಗೂ ಅದೇ ಚಳಿ ಇತ್ತಲ್ಲ."

ನಿಯಮ ಬದಲಾಗಲಿಲ್ಲ. ಮುಂದಿನ ವರ್ಷವೂ ಅತ್ತಿಲಿಯೊ ಅದನ್ನು ಓದಿದ, ಅದರ ಮುಂದಿನ ವರ್ಷವೂ. ಫೋಸ್ಕೊ ಪ್ರತಿ ಸಲ ಸಭೆಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಂಡ. ಕೇಳುವುದು ಕಮ್ಮಿಯಾಗುತ್ತ ಬಂದಂತೆ ಇನ್ನೂ ಹತ್ತಿರದ ಕುರ್ಚಿಗೆ ಬಂದ. ಹಕ್ಕಿಗಳನ್ನು ಕೆಲವು ವರ್ಷ ಹೊಡೆದ, ಕೆಲವು ವರ್ಷ ಹೊಡೆಯಲಿಲ್ಲ. ಮುಳ್ಳು ಪರಚಿದ ಕೈಗಳನ್ನು ಕಂಡು ದೆರ್ನಾ ಬೈದದ್ದನ್ನು ಅವನು ತುಟಿಯಿಂದ ಓದಿಕೊಳ್ಳಲು ಕಲಿತ. ಓದಬಾರದೆನಿಸಿದಾಗ ಕಣ್ಣು ಮುಚ್ಚಲೂ ಕಲಿತ.

ಆರನೆಯ ವರ್ಷ, ಸೆಪ್ಟೆಂಬರಿನಲ್ಲಿ, ಬ್ರೆಡ್ಡಿನ ಅಂಗಡಿಯ ಸಾಂತೀನೊ ಅವನ ಮನೆಗೆ ಬಂದ. ಒಲೆಯ ಮುಂದೆ ನಿಂತೂ ನಿಂತೂ ಎರಡು ಮಂಡಿಯೂ ಕೆಟ್ಟವನು. ಅವನ ಹಳೆಯ ನಾಯಿ ಸತ್ತಿತ್ತು. ಕೋಲೂರಿ ಬಂದವನು ಕೂರುವ ಮೊದಲೇ ಎದುರು ನಿಂತು ಗಟ್ಟಿಯಾಗಿ ಹೇಳಿದ: "ನನಗೂ ನಿನ್ನ ನಾಯಿಯಂಥದ್ದು ಬೇಕು. ಆ ಹೆಂಗಸಿನ ವಿಳಾಸ ಕೊಡು. ಅತ್ತಿಲಿಯೊಗೂ ಬುದ್ಧಿ ಬರಲಿ."

"ಕೋಲು ಬಿಟ್ಟು ಎಷ್ಟು ದೂರ ನಡೀತೀಯ?"

"ಈ ಬಾಗಿಲಿಂದ ಆ ಬಾಗಿಲಿಗೆ."

"ಕಿವಿ ಹೇಗಿದೆ?"

"ಕಿವಿಗೇನು? ಹೆಂಡತಿ ಮಲಗಿದ ಮೇಲೆ ಗೊಣಗೋದೂ ಕೇಳುತ್ತೆ."

"ಹಾಗಾದ್ರೆ ನಿನಗೆ ಈ ನಾಯಿ ಬೇಡ," ಎಂದ ಫೋಸ್ಕೊ. "ಇದರ ಜೊತೆ ಸರಿಸಮ ನಡೀಬೇಕು, ಕಾಲು ಸೋತರೆ ಹಕ್ಕಿ ಹೋಯ್ತು. ನಿನಗೆ ಬೇಕಾಗಿದ್ದು ಕಾಯೋ ನಾಯಿ. ಗಂಟೆ ನಿಂತಮೇಲೆ ಕಾಲುಗಂಟೆ ತಗೊಂಡು ಕುಂಟ್ಕೊಂಡು ಹೋಗು, ಅದು ನಿಂತೇ ಇರುತ್ತೆ. ಅತ್ತಿಲಿಯೊ ಹತ್ತಿರ ಹೋಗು. ಬ್ರೀನಾನ ಮೊಮ್ಮಗಳ ಮರಿಗಳಿವೆ. ತುಂಬ ಓಡದ ಮರಿ ಕೇಳಿ ತಗೊ."

ಸಾಂತೀನೊ ಬೇಸರದಿಂದ ಅವನನ್ನು ನೋಡಿದ. ಜಗಳಕ್ಕೆ ಜೊತೆ ಸಿಕ್ಕಿತೆಂದು ಬಂದವನಿಗೆ ಮೋಸವಾದಂತಾಗಿತ್ತು. ಆದರೂ ಹೋದ.

ಆ ಭಾನುವಾರ ಊಟದ ಹೊತ್ತಿಗೆ ಅತ್ತಿಲಿಯೊ ಬಂದು ತೆರೆದ ಬಾಗಿಲಲ್ಲಿ ನಿಂತ. ದೆರ್ನಾ ಕಾವಲಿಯ ಮೇಲೆ ಚೆಸ್ಟ್‌ನಟ್ ಹಿಟ್ಟಿನ ದೋಸೆ ಹುಯ್ಯುತ್ತಿದ್ದಳು, ಫೋಸ್ಕೊ ಅದಕ್ಕೆ ಹಸಿ ಗಿಣ್ಣು ಸವರಿ ಸುರುಳಿ ಸುತ್ತುತ್ತಿದ್ದ. ಅತ್ತಿಲಿಯೊ ತಂಗಿಯ ಕಡೆ ತಲೆಯಾಡಿಸಿ, ಫೋಸ್ಕೊ ತುಟಿ ನೋಡುವಂತೆ ಎದುರಿಗೆ ಬಂದು ನಿಂತ. ಇಷ್ಟು ವರ್ಷಗಳಲ್ಲಿ ಅವನು ಹಾಗೆ ಬಂದು ನಿಂತದ್ದು ಅದೇ ಮೊದಲು.

"ಸಾಂತೀನೊನ ನೀನು ಕಳಿಸಿದ್ಯಂತೆ."

"ಹ್ಞೂಂ."

"ಸೆಟ್ಟರೇ ತಗೋ ಅಂದ್ಯಂತೆ. ಅಂದ್ರೆ ಒಪ್ಪಿಕೊಂಡ್ಯಾ?"

"ಅವನಿಗೆ ಮಂಡಿ ಹೋಗಿದೆ, ಕಿವಿ ಇದೆ. ನನಗೆ ಕಿವಿ ಹೋಗಿದೆ, ಮಂಡಿ ಇದೆ. ಒಪ್ಪಿಕೊಳ್ಳೋಕೆ ಏನಿದೆ ಅದರಲ್ಲಿ?"

ಅತ್ತಿಲಿಯೊ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಿಯಮ ಮಾತ್ರ ಬದಲಾಗಲ್ಲ," ಎಂದ.

"ನಾನು ಕೇಳಿದ್ನಾ?"

ಫೋಸ್ಕೊ ಸುತ್ತಿದ ದೋಸೆಯನ್ನು ತಟ್ಟೆಗೆ ಹಾಕಿ, ತಟ್ಟೆಯನ್ನು ಮೇಜಿನ ಆಚೆ ಬದಿಗೆ, ಖಾಲಿ ಕುರ್ಚಿಯ ಮುಂದಕ್ಕೆ ತಳ್ಳಿದ. "ಕೂತ್ಕೊಳ್ಳೋದಿದ್ರೆ ಕೂತ್ಕೊ," ಎಂದ. "ಇಲ್ಲದಿದ್ರೆ ಬಾಗಿಲು ಹಾಕ್ಕೊಂಡು ಹೋಗು. ದೋಸೆ ಆರುತ್ತೆ."